ಓದದೇ ಹಾಕಿದ ಟಿಕ್: ಮೊದಲಿನ ಬಿಸಿ ಹೋದರೆ ನಂಬಿಕೆ ಹೋಯಿತೇ?

ಪ್ರಶ್ನೆ: ಅಯ್ಯನವರೇ, ವಂದನೆಗಳು. ನನಗೆ 27 ವರ್ಷ. ಊರು ಬೆಟಗೇರಿ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿ ಐದು ವರ್ಷ ಆಯಿತು. ನಮ್ಮದು ಸಿಎಸ್‌ಐ (ದಕ್ಷಿಣ ಭಾರತ ಸಭೆ). ಕೂಸಿದ್ದಾಗ ದೀಕ್ಷಾಸ್ನಾನ, ಹದಿನಾರಕ್ಕೆ ದೃಢೀಕರಣ (ನಂಬಿಕೆಯನ್ನು ಸಭೆಯ ಮುಂದೆ ಸ್ವತಃ ಒಪ್ಪಿಕೊಳ್ಳುವ ವಿಧಿ) ಆಗಿದೆ. ನರ್ಸಿಂಗ್ ಓದುವಾಗ ಒಂದು ಯುವಜನರ ಕ್ಯಾಂಪಿನಲ್ಲಿ ನನ್ನನ್ನು ಯೇಸುವಿಗೆ ಒಪ್ಪಿಸಿಕೊಟ್ಟೆ. ಆಮೇಲೆ ಎರಡು ವರ್ಷ ಪ್ರಾರ್ಥನೆಗೆ ಮೊಣಕಾಲೂರಿದರೆ ಕಣ್ಣೀರು ತಾನಾಗಿ ಬರುತ್ತಿತ್ತು. ಈಗ ಏನೂ ಇಲ್ಲ. ಗೋಡೆ ಹತ್ತಿರ ಮಾತಾಡಿದ ಹಾಗೆ ಆಗುತ್ತದೆ. ಇಲ್ಲಿ ಒಂದು ಹೊಸ ಸಭೆಗೆ ಹೋಗುತ್ತೇನೆ. ಅವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಆರರೊಳಗೆ ಓದಿದ ಅಧ್ಯಾಯ ಬರೆದು ಟಿಕ್ ಹಾಕಬೇಕು. ಎರಡು ತಿಂಗಳಿಂದ ಓದದೇ ಟಿಕ್ ಹಾಕುತ್ತಿದ್ದೇನೆ. ನೈಟ್ ಡ್ಯೂಟಿ ಇದ್ದರೆ ಭಾನುವಾರ ಆರಾಧನೆ ತಪ್ಪುತ್ತದೆ. ನಮ್ಮ ಲೀಡರ್ ಅಕ್ಕ, ‘ನೀನು ಹಿಂಜಾರಿದ್ದೀಯ, ಒಳಗೆ ಎಲ್ಲೋ ಗುಪ್ತ ಪಾಪ ಇದೆ’ ಅನ್ನುತ್ತಾರೆ. 21 ದಿನ ಉಪವಾಸ ಮಾಡು, ಮುಳುಗಿ ದೀಕ್ಷಾಸ್ನಾನ ತಗೋ, ದಶಮಾಂಶ, ಅಂದರೆ ಸಂಬಳದ ಹತ್ತನೇ ಒಂದು ಪಾಲು, ಪೂರ್ತಿ ಕೊಡು ಅಂತಾರೆ. ಸಂಬಳದಲ್ಲಿ ಅರ್ಧ ಊರಿಗೆ, ಅಪ್ಪನ ಸಾಲಕ್ಕೆ ಹೋಗುತ್ತದೆ. ಹೋದ ವಾರ ನಿದ್ದೆಗೆಟ್ಟು ಒಬ್ಬ ರೋಗಿಯ ಮಗನ ಮೇಲೆ ಕೂಗಾಡಿಬಿಟ್ಟೆ. ತಾಸು ಬಿಟ್ಟು ನಾನೇ ಹೋಗಿ ತಪ್ಪಾಯಿತು ಅಂದೆ. ನನ್ನಂಥವಳು ವಿಶ್ವಾಸಿ ಹೇಗಾಗುತ್ತೇನೆ? ಅಮ್ಮನಿಗೆ ಇದನ್ನೆಲ್ಲ ಹೇಳಿಲ್ಲ. ನೊಂದುಕೊಳ್ಳುತ್ತಾಳೆ. ನಾನು ಬೆಳೆಯಬೇಕು. ಎಲ್ಲಿಂದ ಶುರು ಮಾಡಲಿ?

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ನಾಚಿಕೆಪಟ್ಟು ಬರೆದ ಎರಡು ಸಂಗತಿ ಇವೆ. ಒಂದು ಓದದೇ ಹಾಕಿದ ಟಿಕ್. ಇನ್ನೊಂದು ರೋಗಿಯ ಮಗನ ಮೇಲೆ ಕೂಗಾಡಿದ್ದು. ಮೊದಲನೆಯದು ನನಗೂ ಸ್ವಲ್ಪ ಚಿಂತೆ ತಂದಿತು. ಎರಡನೆಯದನ್ನು ಓದಿ ಸಮಾಧಾನವಾಯಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಉಪವಾಸ, ದೀಕ್ಷಾಸ್ನಾನ, ದಶಮಾಂಶ, ಭಾನುವಾರ ಅಂತ ನೀವು ನಾಲ್ಕೈದು ವಿಷಯ ಕೇಳಿದ್ದೀರಿ. ಆದರೆ ಎಲ್ಲದರ ಅಡಿಯಲ್ಲಿ ಇರುವುದು ಒಂದೇ ಹೆದರಿಕೆ: ಕಣ್ಣೀರು ನಿಂತಿತು ಅಂದರೆ ದೇವರು ನನ್ನನ್ನು ಬಿಟ್ಟನೇ, ಅಥವಾ ನಾನೇ ಆತನನ್ನು ಬಿಟ್ಟೆನೇ? ಸಭಾಪಾಲಕನಾಗಿ 34 ವರ್ಷ ಕೆಲಸ ಮಾಡಿ ನಿವೃತ್ತನಾದವನು ನಾನು. ದೃಢೀಕರಣದ ತರಗತಿ ಮುಗಿಸಿದ ಹುಡುಗ ಹುಡುಗಿಯರು ಹತ್ತು ವರ್ಷ ಬಿಟ್ಟು ನನ್ನ ಹತ್ತಿರ ಬಂದು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಬರುವವರೆಲ್ಲ ತಮಗೊಬ್ಬರಿಗೇ ಹೀಗಾಗಿದೆ ಅಂದುಕೊಂಡೇ ಬರುತ್ತಾರೆ.

ಗುಪ್ತ ಪಾಪದ ಮಾತನ್ನು ಮೊದಲು ನೋಡೋಣ, ಯಾಕೆಂದರೆ ಅದೇ ನಿಮ್ಮನ್ನು ಜಾಸ್ತಿ ಕೊರೆಯುತ್ತಿದೆ. ‘ಪ್ರಾರ್ಥನೆ ಒಣಗಿದೆ ಅಂದರೆ ಪಾಪ ಇರಲೇಬೇಕು’ ಅನ್ನುವ ಲೆಕ್ಕ ಬೈಬಲಿನಲ್ಲಿ ಇಲ್ಲ. ತಪ್ಪು ಮಾಡದೇ ಕಷ್ಟಕ್ಕೆ ಬಿದ್ದ ಯೋಬನ ಸ್ನೇಹಿತರು ಇದೇ ಲೆಕ್ಕ ಹಾಕಿದರು. ಕೊನೆಗೆ ದೇವರು ಗದರಿಸಿದ್ದು ಅವರನ್ನು. 88ನೇ ಕೀರ್ತನೆ ತೆಗೆದು ನೋಡಿ. ಅಳುವ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಬಹಳಷ್ಟರಲ್ಲಿ ಕೊನೆ ಹೊತ್ತಿಗೆ ಒಂದು ತಿರುವು ಬರುತ್ತದೆ, ‘ಆದರೂ ನಿನ್ನನ್ನು ಕೊಂಡಾಡುವೆನು’ ಎಂಬ ಧಾಟಿಯಲ್ಲಿ. ಇದರಲ್ಲಿ ಬರುವುದಿಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತು ಹಾಕಲಿಲ್ಲ. 150 ಕೀರ್ತನೆಗಳ ನಡುವೆ ಹಾಗೇ ಇಟ್ಟುಕೊಂಡರು, ಸಭೆಯಲ್ಲಿ ಹಾಡಿದರು.

ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷ ಬಿಟ್ಟು, 2007ರಲ್ಲಿ, ಅವರು ತಮ್ಮ ಗುರುಗಳಿಗೆ ಬರೆದ ಪತ್ರಗಳು ಅಚ್ಚಾದವು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಏನೂ ಅನಿಸದೆ, ಕತ್ತಲೆಯಲ್ಲೇ ಅವರು ಕೆಲಸ ಮಾಡಿದರು ಅಂತ ಆಗ ಲೋಕಕ್ಕೆ ಗೊತ್ತಾಯಿತು. ಅವರನ್ನು ಹಿಂಜಾರಿದವರು ಅನ್ನೋಣವೇ? ಮೆಥಡಿಸ್ಟ್ ಸಭೆಗಳಿಗೆ ಮೂಲಪುರುಷರಾದ ಜಾನ್ ವೆಸ್ಲಿಯ ದಿನಚರಿಯೂ ಹಾಗೇ. 1738ರ ಮೇ 24ರಂದು ಲಂಡನ್ನಿನ ಒಂದು ಕೂಟದಲ್ಲಿ ಅವರಿಗೆ ಎದೆ ಬೆಚ್ಚಗಾದ ಅನುಭವ ಆಯಿತು. ಇದನ್ನು ಎಲ್ಲ ಪ್ರಸಂಗಿಗಳೂ ಹೇಳುತ್ತಾರೆ. ಎಂಟು ತಿಂಗಳೂ ತುಂಬಿರಲಿಲ್ಲ, 1739ರ ಜನವರಿಯಲ್ಲಿ ಅದೇ ಮನುಷ್ಯ ‘ನಾನು ಕ್ರೈಸ್ತನೇ ಅಲ್ಲ’ ಅಂತ ಬರೆದುಕೊಂಡರು. ಇದನ್ನು ಪ್ರಸಂಗಗಳಲ್ಲಿ ನಾನು ಕೇಳಿದ್ದು ಕಡಿಮೆ. ಹೇಳಿದ್ದೂ ಕಡಿಮೆ, ಒಪ್ಪಿಕೊಳ್ಳುತ್ತೇನೆ.

ಹಾಗಂತ ಪಾಪದ ಪ್ರಶ್ನೆಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೆಲವೊಮ್ಮೆ ನಿಜವಾಗಿಯೂ ಏನೋ ಇರುತ್ತದೆ. ಕದ್ದ ದುಡ್ಡು ಇರಬಹುದು, ಮುಚ್ಚಿಟ್ಟ ಸಂಬಂಧ ಇರಬಹುದು, ತಮ್ಮನ ಜೊತೆ ಮಾತು ಬಿಟ್ಟು ಮೂರು ವರ್ಷ ಆಗಿರಬಹುದು. ಇದನ್ನು ಗುರುತಿಸಲು ನನ್ನ ಅನುಭವದಲ್ಲಿ ಕಂಡ ಒಂದು ದಾರಿ ಇದೆ. ಪವಿತ್ರಾತ್ಮನು ತಪ್ಪು ತೋರಿಸಿದರೆ ಅದಕ್ಕೆ ಹೆಸರು ಇರುತ್ತದೆ. ಇಂಥ ದಿನ, ಇಂಥವರಿಗೆ, ಇಂಥ ಮಾತು ಅಂದೆ ಅಂತ ನಿಮಗೇ ಗೊತ್ತಾಗುತ್ತದೆ. ಮುಂದೇನು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ‘ನಿನ್ನಲ್ಲಿ ಏನೋ ಇದೆ, ಹುಡುಕು, ಇನ್ನೂ ಹುಡುಕು’ ಅಂತ ಬರುವ ಹೆಸರಿಲ್ಲದ ಅಪರಾಧ ಭಾವ ಬೇರೆ ಜಾತಿಯದು. ಅದು ಸುಮ್ನೆ ಸುಸ್ತು ಮಾಡುತ್ತದೆ, ಎಲ್ಲಿಗೂ ಮುಟ್ಟಿಸುವುದಿಲ್ಲ. ನಿಮ್ಮ ಪತ್ರದಲ್ಲಿ ಹೆಸರಿರುವ ತಪ್ಪು ಎರಡೇ. ಕೂಗಾಡಿದ್ದಕ್ಕೆ ಆಗಲೇ ಕ್ಷಮೆ ಕೇಳಿದ್ದೀರಿ. ಟಿಕ್ ಒಂದು ಬಾಕಿ ಇದೆ.

ಈಗ ಕಾರಣಗಳಿಗೆ ಬರೋಣ. ಮೊದಲ ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೆ ರೋಗಿಯದಾದರೆ ಬರೆದಿಡುತ್ತೀರಿ, ನಿಮ್ಮದಾದರೆ ಮರೆಯುತ್ತೀರಿ. ನಿಮಗೆ ನಿದ್ದೆ ಇಲ್ಲ. ಐದು ವರ್ಷದಿಂದ ರಾತ್ರಿ ಪಾಳಿ, ಹಗಲು ಪಾಳಿ ಅಂತ ಮೈ ಹಿಂದುಮುಂದಾಗಿದೆ. ಪ್ರವಾದಿ ಎಲೀಯನ ಕಥೆ ನೆನಪು ಮಾಡಿಕೊಳ್ಳಿ, ಒಂದನೆಯ ಅರಸುಗಳು 19ರಲ್ಲಿ ಇದೆ. ಕರ್ಮೇಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡವನು ಅಡವಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತಗೋ ಅನ್ನುತ್ತಾನೆ. ಆಗ ದೇವದೂತ ಬಂದು ಏನು ಮಾಡಿದ? ವಿಶ್ವಾಸದ ಬಗ್ಗೆ ಪಾಠ ಹೇಳಲಿಲ್ಲ. ಗುಪ್ತ ಪಾಪ ಕೇಳಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ‘ಎಲೀಯನೇ, ಇಲ್ಲೇನು ಮಾಡುತ್ತೀ’ ಅನ್ನುವ ಪ್ರಶ್ನೆ ಬಂದದ್ದು ಅದೆಲ್ಲ ಆಗಿ ನಲವತ್ತು ದಿನ ನಡೆದ ಮೇಲೆ, ಹೋರೇಬಿನಲ್ಲಿ.

ಇಲ್ಲಿ ನನ್ನ ಒಂದು ತಪ್ಪು ಹೇಳಬೇಕು. ಸೇವೆಗೆ ಸೇರಿ ಏಳೆಂಟು ವರ್ಷ ಆಗಿತ್ತು. ಮಹಿಳಾ ಕೂಟದ ಒಬ್ಬ ಅಕ್ಕ ಬಂದು, ‘ಅಯ್ಯಾ, ಪ್ರಾರ್ಥನೆಗೆ ಕೂತರೆ ಮನಸ್ಸೇ ಬರ್ತಿಲ್ಲ, ಯಾವಾಗಲೂ ಮಲಗಬೇಕು ಅನ್ನಿಸುತ್ತೆ, ಸುಮ್ಮಸುಮ್ಮನೆ ಅಳು ಬರುತ್ತೆ’ ಅಂದರು. ಬೆಳಿಗ್ಗೆ ಬೇಗ ಎದ್ದು ಇನ್ನೂ ಜಾಸ್ತಿ ಪ್ರಾರ್ಥಿಸಿ ಅಂದೆ. ಪಾಪ, ಹಾಗೇ ಮಾಡಿದರು. ಆರು ತಿಂಗಳು ಇನ್ನಷ್ಟು ಕುಗ್ಗಿದರು. ಕೊನೆಗೆ ಅವರ ಮಗಳು ಡಾಕ್ಟರ ಹತ್ತಿರ ಕರಕೊಂಡು ಹೋದಾಗ ಥೈರಾಯ್ಡ್ ಕಡಿಮೆ ಇದೆ ಅಂತ ಗೊತ್ತಾಯಿತು. ಮಾತ್ರೆ ಶುರುವಾಗಿ ಕೆಲವು ತಿಂಗಳಲ್ಲಿ ಅವರು ಮತ್ತೆ ಹಾಡುವ ಗುಂಪಿಗೆ ಬಂದರು. ನಾನು ಅವರ ಹತ್ತಿರ ಕ್ಷಮೆ ಕೇಳಿದೆ. ಅಂದಿನಿಂದ ಯಾರಾದರೂ ‘ಪ್ರಾರ್ಥನೆ ಒಣಗಿದೆ’ ಅಂತ ಬಂದರೆ ನಾನು ಕೇಳುವ ಮೊದಲ ಮಾತು ‘ನಿದ್ದೆ ಹೇಗಿದೆ, ಊಟ ಹೇಗಿದೆ’ ಅಂತ. ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಮನೋವೈದ್ಯರನ್ನು ನೋಡಿ. ಅದಕ್ಕಾಗಿ ನನ್ನ ಉತ್ತರಕ್ಕೂ ಕಾಯಬೇಡಿ. ಮಾತ್ರೆ ತಗೊಳ್ಳುವುದು ಅವಿಶ್ವಾಸ ಅಲ್ಲ. ದಿನಾ ರೋಗಿಗಳಿಗೆ ಮಾತ್ರೆ ಕೊಡುವ ನಿಮಗೆ ಇದನ್ನು ನಾನು ಹೇಳಬೇಕಾಗಿರುವುದೇ ವಿಚಿತ್ರ, ಅಲ್ವಾ?

ಎರಡನೇ ಕಾರಣ ವಯಸ್ಸು. ಬೆಟಗೇರಿಯಲ್ಲಿ ನಿಮ್ಮ ನಂಬಿಕೆಗೆ ಸುತ್ತ ಗೋಡೆಗಳಿದ್ದವು. ಗುಡಿಯ ಗಂಟೆ ಹೊಡೆದರೆ ಹೊರಡಬೇಕು. ಅಮ್ಮ ಎಬ್ಬಿಸುತ್ತಿದ್ದಳು. ಭಾನುವಾರ ಶಾಲೆಯ ಟೀಚರೇ ಓಣಿಯಲ್ಲಿ ಸಿಗುತ್ತಿದ್ದರು. ಬೆಂಗಳೂರಿನಲ್ಲಿ ನೀವು ಪಿಜಿಯ ಒಂದು ಮಂಚದ ಮೇಲೆ ಒಬ್ಬರೇ. ಕೂಡಿ ಹೊತ್ತ ಭಾರ ಒಬ್ಬರ ಹೆಗಲಿಗೆ ಬಂದಾಗ ತೂಕ ಜಾಸ್ತಿ ಅನ್ನಿಸಿಯೇ ಅನ್ನಿಸುತ್ತದೆ.

ಮೂರನೆಯದು ನನಗೆ ಬಹಳ ಮುಖ್ಯ. ಕಣ್ಣೀರು ಬರುತ್ತಿದ್ದ ಎರಡು ವರ್ಷ ಸುಳ್ಳಲ್ಲ. ಅದು ಬಿತ್ತನೆಯ ಕಾಲ. ನಿಮ್ಮ ಕಡೆಯ ಎರಿ ಹೊಲ ನೋಡಿದ್ದೀರಲ್ಲ. ಹಿಂಗಾರಿನಲ್ಲಿ ಬಿಳಿಜೋಳ ಬಿತ್ತುವಾಗ ನೆಲದಲ್ಲಿ ಹಸಿ ಇರುತ್ತದೆ. ಆಮೇಲೆ ಮಳೆ ನಿಲ್ಲುತ್ತದೆ. ಮೇಲಿನ ಮಣ್ಣು ಬಿರುಕು ಬಿಡುತ್ತದೆ. ನೋಡಿದವರು ಇದೇನು ಬೆಳೆ ಬಂದೀತು ಅನ್ನಬೇಕು. ಆದರೆ ಬೇರು ಆ ಹೊತ್ತಿಗೆ ಕೆಳಗಿನ ಹಸಿ ಹುಡುಕಿಕೊಂಡು ಇಳಿದಿರುತ್ತದೆ. ಮಾರ್ಕ 4ರಲ್ಲಿ ಯೇಸು ಹೇಳಿದ ಒಂದು ಪುಟ್ಟ ಸಾಮ್ಯ ಇದೆ. ಮಾರ್ಕ ಒಬ್ಬನೇ ಬರೆದಿಟ್ಟಿದ್ದಾನೆ. ಬೀಜ ಹಾಕಿದವನು ಮಲಗುತ್ತಾನೆ, ಏಳುತ್ತಾನೆ, ರಾತ್ರಿ ಹಗಲು ಕಳೆಯುತ್ತದೆ, ಬೀಜ ಮೊಳೆತು ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ದಿನಾ ಆರು ಗಂಟೆಗೆ ಗಿಡ ಕಿತ್ತು ಬೇರು ನೋಡಿ ಟಿಕ್ ಹಾಕಿದ ಅಂತ ಅಲ್ಲಿ ಬರೆದಿಲ್ಲ.

ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತುಂಗಾ, ಭದ್ರಾ ಹುಟ್ಟುವ ಜಾಗ. ಅಪ್ಪ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಪಂಡಿತರ ವಿರೋಧ ಕಟ್ಟಿಕೊಂಡವರು. ಅದೇ ತಾಯಿ ಮಗಳಿಗೆ ಪಾಠ ಹೇಳಿದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡರು. ವಿಧವೆಯರಿಗಾಗಿ ಮುಂಬಯಿಯಲ್ಲಿ ಶಾರದಾ ಸದನ ತೆರೆದದ್ದು 1889ರಲ್ಲಿ. ಹೊರಗಿನಿಂದ ನೋಡಿದರೆ ಇದಕ್ಕಿಂತ ಸಮರ್ಪಿತ ಬದುಕು ಬೇಕೇ? ಆದರೆ ಅವರೇ ಆಮೇಲೆ ತಮ್ಮ ಸಾಕ್ಷಿಯಲ್ಲಿ ಬರೆದರು: ಅಷ್ಟು ವರ್ಷ ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ. ದೀಕ್ಷಾಸ್ನಾನ ಆಗಿ ಸುಮಾರು ಎಂಟು ವರ್ಷ ಕಳೆದ ಮೇಲೆ ಅವರಿಗೆ ಅದು ಹೊಳೆಯಿತು.

ಈ ಕಥೆಯನ್ನು ಕೆಲವರು ‘ನೋಡಿ, ಅವರಿಗೂ ಎರಡನೇ ಅನುಭವ ಬೇಕಾಯಿತು’ ಅಂತ ಹೇಳಲು ಬಳಸುತ್ತಾರೆ. ನಾನು ನೋಡುವುದು ಬೇರೆ ಕಡೆಯಿಂದ. ಆ ಎಂಟು ವರ್ಷ ಅವರು ಕೈಕಟ್ಟಿ ಕೂತಿರಲಿಲ್ಲ. ಅನುಮಾನ ಇತ್ತು, ಸಭೆಯ ಹಿರಿಯರೊಂದಿಗೆ ಸಿದ್ಧಾಂತದ ಜಗಳ ಇತ್ತು, ಪತ್ರಗಳಲ್ಲಿ ಖಡಕ್ಕಾಗಿ ವಾದ ಮಾಡಿದರು. ಒಪ್ಪಿಗೆಯಾಗದ್ದಕ್ಕೆ ತಲೆಯಾಡಿಸಲಿಲ್ಲ. ಅಂದರೆ ಓದದೇ ಟಿಕ್ ಹಾಕಲಿಲ್ಲ. ಜೊತೆಗೆ ಕೆಲಸ ಬಿಡಲಿಲ್ಲ. ಮುಂದೆ 1896-97ರ ಬರಗಾಲದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆ ಹತ್ತಿರದ ಕೇಡಗಾಂವದಲ್ಲಿ ಇಟ್ಟುಕೊಂಡರು. ಇಬ್ರಿಯ, ಗ್ರೀಕ್ ಕಲಿತು ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಅದೇ ಕೆಲಸ. ಬೆಳವಣಿಗೆ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಹಾಡಿನಂತಿಲ್ಲದ ಎಂಟು ವರ್ಷ.

ಆ ಟಿಕ್ ನನಗೆ ಚಿಂತೆ ತಂದದ್ದು ಅದಕ್ಕೇ. ಅಧ್ಯಾಯ ಓದದೇ ಇರುವುದು ದೊಡ್ಡ ಮಾತಲ್ಲ. ಓದಿದೆ ಅಂತ ತೋರಿಸಿಕೊಳ್ಳುವುದು ಅಭ್ಯಾಸವಾದರೆ ಕಷ್ಟ. ದೇವರ ಮುಂದೆ ನಿಜ ಹೇಳುವ ನಾಲಿಗೆಯೇ ಮರಗಟ್ಟುತ್ತದೆ. ಗೋಡೆ ಹತ್ತಿರ ಮಾತಾಡಿದ ಹಾಗೆ ಆಗುತ್ತದೆ ಅಂದಿರಲ್ಲ, ಆ ಮಾತನ್ನೇ ಪ್ರಾರ್ಥನೆ ಮಾಡಿ. ‘ಕರ್ತನೇ, ಗೋಡೆ ಹತ್ತಿರ ಮಾತಾಡಿದ ಹಾಗಿದೆ.’ ಸಾಕು. ಮಾರ್ಕ 9ರ ಆ ತಂದೆ ‘ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು’ ಅಂದಾಗ ಯೇಸು ಅವನ ಮಗನನ್ನು ವಾಸಿ ಮಾಡಿದನೇ ಹೊರತು ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅನ್ನಲಿಲ್ಲ.

ಬೆಳಿಗ್ಗೆ ಆರು ಗಂಟೆಯ ನಿಯಮವೂ ಮೋಶೆಯ ಕಲ್ಲಿನ ಹಲಗೆಯಲ್ಲಿ ಇರಲಿಲ್ಲ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ದುಡಿದ ಕನ್ನಡ ಬೈಬಲ್ ಅಚ್ಚಾಗಿ ಹತ್ತಿರ ಹತ್ತಿರ 200 ವರ್ಷ ಅಷ್ಟೇ. ಅದಕ್ಕೂ ಮೊದಲು ಹದಿನೆಂಟು ಶತಮಾನ ಲೋಕದ ಬಹುಪಾಲು ಕ್ರೈಸ್ತರು ಸ್ವಂತ ಬೈಬಲ್ ಕಂಡವರಲ್ಲ. ಸಭೆಯಲ್ಲಿ ಕೇಳಿದರು, ಹಾಡಿನಲ್ಲಿ ಕಲಿತರು, ಒಂದೆರಡು ಕೀರ್ತನೆ ಬಾಯಿಪಾಠ ಮಾಡಿದರು. ಮನೆಯಲ್ಲಿ ಬೈಬಲ್ ಇರುವುದು ನಮ್ಮ ಭಾಗ್ಯ. ಅದನ್ನು ಹಾಜರಿ ಪುಸ್ತಕ ಮಾಡಿಕೊಳ್ಳಬಾರದು. ನೈಟ್ ಮುಗಿಸಿ ಬಂದ ಬೆಳಿಗ್ಗೆ ನಿಮ್ಮ ಕೆಲಸ ಮಲಗುವುದು.

ಇನ್ನು ಅವರು ಕೊಟ್ಟ ಮೂರು ಮದ್ದುಗಳು. ನೈಟ್ ಡ್ಯೂಟಿ ಇರುವ ನರ್ಸ್ 21 ದಿನ ಉಪವಾಸ ಮಾಡುವುದಕ್ಕೆ ನಾನು ಒಪ್ಪುವುದಿಲ್ಲ. ತಲೆಸುತ್ತಿ ಡೋಸ್ ತಪ್ಪಿದರೆ ಅನುಭವಿಸುವವನು ರೋಗಿ. ಯೆಶಾಯ 58ರಲ್ಲಿ ದೇವರು ಕೇಳುವ ಉಪವಾಸ ಹಸಿದವರಿಗೆ ಅನ್ನ ಹಂಚುವುದು, ನೊಗ ಬಿಚ್ಚುವುದು. ಉಪವಾಸ ಒಳ್ಳೆಯ ಅಭ್ಯಾಸವೇ. ಮಾಡಬೇಕು ಅನ್ನಿಸಿದರೆ ವಾರದ ರಜೆಯ ದಿನ ಒಂದು ಹೊತ್ತು ಬಿಡಿ, ನೀರು ಮಾತ್ರ ಬಿಡಬೇಡಿ.

ದಶಮಾಂಶದ ವಿಷಯಕ್ಕೆ, ಅದನ್ನು ಪೂರ್ತಿ ತನ್ನಿ ಅನ್ನುವ ಪ್ರವಾದಿ ಮಲಾಕಿಯನನ್ನು ಎತ್ತುವವರು ಮಾರ್ಕ 7ನ್ನು ಓದುವುದು ಅಪರೂಪ. ಅಲ್ಲಿ ಯೇಸು ಸಿಟ್ಟಾದದ್ದು ‘ಇದು ಕೊರ್ಬಾನ್, ದೇವರಿಗೆ ಕೊಟ್ಟಾಯಿತು’ ಅಂತ ಹೇಳಿ ತಂದೆತಾಯಿಯನ್ನು ಕೈಬಿಡುತ್ತಿದ್ದವರ ಮೇಲೆ. ಅಪ್ಪನ ಸಾಲ ತೀರಿಸುತ್ತಿರುವ ಮಗಳ ದುಡ್ಡು ದೇವರಿಗೆ ದೂರದ್ದಲ್ಲ. ಕೊಡುವ ಅಭ್ಯಾಸ ಬಿಡಬೇಡಿ. ಆಗುವಷ್ಟು, ಸಂತೋಷದಿಂದ, ಯಾರೂ ಲೆಕ್ಕ ಕೇಳದ ಹಾಗೆ ಕೊಡಿ. ನೂರು ರೂಪಾಯಿ ಆದರೆ ನೂರೇ.

ಮುಳುಗಿ ತಗೊಳ್ಳುವ ದೀಕ್ಷಾಸ್ನಾನದ ಬಗ್ಗೆ ಸಭೆಗಳ ನಡುವೆ ಹಳೆಯ ಭಿನ್ನಾಭಿಪ್ರಾಯ ಇದೆ. ಪ್ರಾಮಾಣಿಕ ಜನ ಎರಡೂ ಕಡೆ ಇದ್ದಾರೆ. 1947ರಲ್ಲಿ ಒಂದಾದ ನಮ್ಮ ಸಿಎಸ್‌ಐಯಲ್ಲಿ ಶಿಶುಗಳಿಗೂ ಕೊಡುತ್ತೇವೆ, ದೊಡ್ಡವರಿಗೂ ಕೊಡುತ್ತೇವೆ, ಆದರೆ ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ. ನಾನು ಆ ಕಡೆಯವನು, ಅದನ್ನು ಬಚ್ಚಿಡುವುದಿಲ್ಲ. ಬೇರೆ ಸಭೆಯ ಬೋಧನೆಯನ್ನು ಓದಿ, ತಿಳಿದು, ಮನಸ್ಸು ಒಪ್ಪಿ ಆ ಹೆಜ್ಜೆ ಇಟ್ಟವರನ್ನು ನಾನು ಕೀಳಾಗಿ ಕಂಡಿಲ್ಲ. ಆದರೆ ಒಣಗಿದ ಪ್ರಾರ್ಥನೆಗೆ ಔಷಧಿ ಅಂತ ಅದನ್ನು ತಗೊಳ್ಳಬೇಡಿ. ನೀರಿನಿಂದ ಎದ್ದ ಮೂರನೇ ವಾರ ಮತ್ತೆ ನೈಟ್ ಡ್ಯೂಟಿ ಬರುತ್ತದೆ, ಮತ್ತೆ ಗೋಡೆ ಕಾಣುತ್ತದೆ. ಆಗ ಇನ್ನೂ ಜಾಸ್ತಿ ಹೆದರುತ್ತೀರಿ.

ಭಾನುವಾರದ ಚಿಂತೆಗೆ ಒಂದೇ ಮಾತು. ಕೆಲಸ ಮಾಡಬಾರದ ಸಬ್ಬತ್ತಿನ ದಿನ ಬಾವಿಗೆ ಬಿದ್ದ ಎತ್ತನ್ನು ಎತ್ತುವುದಿಲ್ಲವೇ ಅಂತ ಕೇಳಿದವನು ಯೇಸು. ಐಸಿಯುನಲ್ಲಿ ಮಲಗಿದವರು ಎತ್ತಿಗಿಂತ ಕಡಿಮೆಯಲ್ಲ. ಆದರೂ ತಿಂಗಳಿಗೆ ಒಂದೆರಡು ಭಾನುವಾರವಾದರೂ ರೋಸ್ಟರಿನಲ್ಲಿ ಕೇಳಿ ಪಡೆಯಿರಿ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ಫೋನಿನಲ್ಲಿ ತಗೊಳ್ಳಲಾಗುವುದಿಲ್ಲ.

ಹಾಗಾದರೆ ಈ ಸಭೆಯಲ್ಲಿ ಇರಬೇಕೇ, ಬಿಡಬೇಕೇ? ತಕ್ಷಣ ಬಿಡಿ ಅಂತ ಹೇಳುವುದು ನನಗೆ ಸುಲಭ, ನಿಮಗೆ ಅಷ್ಟು ಸುಲಭ ಅಲ್ಲ. ಆ ಲೀಡರ್ ಅಕ್ಕ ನಿಮ್ಮನ್ನು ಪ್ರೀತಿಸುತ್ತಿರಬಹುದು. ತನಗೆ ಕಲಿಸಿದ್ದನ್ನೇ ನಿಮಗೆ ಹೇಳುತ್ತಿರಬಹುದು. ಮೊದಲು ಅವರ ಹತ್ತಿರ ಒಬ್ಬರೇ ಕೂತು ನಿಜ ಹೇಳಿ. ಟಿಕ್ ವಿಷಯವನ್ನೂ ಹೇಳಿ. ಅವರು ಕೇಳಿಸಿಕೊಂಡು, ‘ಸರಿ, ನಿನ್ನ ಡ್ಯೂಟಿ ನೋಡಿಕೊಂಡು ಓದು’ ಅಂದರೆ ಅಲ್ಲಿ ಉಳಿಯಬಹುದು. ನಿಮ್ಮ ಮಾತು ಮರುದಿನ ಪ್ರಾರ್ಥನಾ ವಿಷಯ ಅಂತ ಗುಂಪಿನಲ್ಲಿ ಬಂದರೆ, ಮದುವೆ, ಮನೆ, ದುಡ್ಡು ಎಲ್ಲಕ್ಕೂ ಅವರ ಅಪ್ಪಣೆ ಬೇಕು ಅಂದರೆ, ಬಿಟ್ಟರೆ ಶಾಪ ತಟ್ಟುತ್ತದೆ ಅಂತ ಹೆದರಿಸಿದರೆ, ಹೊರಡಿ. ಆ ಶಾಪಕ್ಕೆ ಹೆದರಬೇಡಿ. ಹೆದರಿಸಿ ಹಿಡಿದಿಡುವ ಅಧಿಕಾರ ಯಾವ ಪಾಸ್ಟರಿಗೂ ಇಲ್ಲ, ನನ್ನಂಥ ಮುದುಕ ಅಯ್ಯನಿಗೂ ಇಲ್ಲ.

ಹಳೆಯ ಸಿಎಸ್‌ಐ ಸಭೆಗೆ ಮರಳುವುದು ಇನ್ನೊಂದು ದಾರಿ. ಬೆಂಗಳೂರಿನಲ್ಲಿ ಕನ್ನಡ ಆರಾಧನೆ ಇರುವ ಸಭೆಗಳಿವೆ. ಪರಿಚಿತ ರಾಗ, ಪರಿಚಿತ ಪ್ರಾರ್ಥನೆ ಕೇಳಿ ಮನಸ್ಸು ಹಗುರಾಗುತ್ತದೆ. ಅಪಾಯವೂ ಅದೇ. ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದ ಕೂಡಲೇ ಬಸ್ ಹಿಡಿದರೆ ವರ್ಷಗಟ್ಟಲೆ ಯಾರಿಗೂ ನಿಮ್ಮ ಹೆಸರೇ ಗೊತ್ತಾಗುವುದಿಲ್ಲ. ನಮ್ಮ ಸಭೆಗಳ ಕೊರತೆ ಇದು. ಹೋಗುವುದಾದರೆ ಮೊದಲ ವಾರವೇ ಪಾಲಕರಿಗೆ ಹೆಸರು, ಫೋನ್ ನಂಬರು ಕೊಟ್ಟು, ಆಸ್ಪತ್ರೆಯಲ್ಲಿರುವ ಸದಸ್ಯರನ್ನು ನೋಡಿಬರುವ ಕೆಲಸ ಕೇಳಿ. ಪಾಲಕರಿಗೆ ಖುಷಿಯಾಗಿ ಕುರ್ಚಿಯಿಂದ ಎದ್ದೇಬಿಟ್ಟಾರು!

ನನ್ನನ್ನು ಕೇಳಿದರೆ ಎಲ್ಲಿದ್ದರೂ ಇದೊಂದನ್ನು ಮಾಡಿ. ನಿಮ್ಮ ಆಸ್ಪತ್ರೆಯಲ್ಲೇ ಇನ್ನಿಬ್ಬರು ಮೂವರು ವಿಶ್ವಾಸಿ ನರ್ಸ್‌ಗಳು ಇದ್ದೇ ಇರುತ್ತಾರೆ. ವಾರಕ್ಕೆ ಅರ್ಧ ತಾಸು, ಕ್ಯಾಂಟೀನಿನ ಮೂಲೆ, ಒಂದು ಚಹಾ. ವೆಸ್ಲಿಯವರ ಕೂಟಗಳು 1742ರಲ್ಲಿ ಬ್ರಿಸ್ಟಲ್‌ನಲ್ಲಿ ಶುರುವಾದದ್ದು ಕಟ್ಟಡದ ಸಾಲ ತೀರಿಸಲು ಅಂದರೆ ನಂಬುತ್ತೀರಾ? ಹನ್ನೆರಡು ಜನರಿಗೆ ಒಬ್ಬ ಮುಖಂಡ, ವಾರಕ್ಕೆ ತಲೆಗೆ ಒಂದು ಪೆನ್ನಿ. ಪೆನ್ನಿ ವಸೂಲಿಗೆ ಮನೆಮನೆಗೆ ಹೋದವರಿಗೆ ಯಾರ ಮನೆಯಲ್ಲಿ ಏನು ಕಷ್ಟ ಅಂತ ಗೊತ್ತಾಯಿತು. ಸಾಲದ ಲೆಕ್ಕ ಹೋಗಿ ಆತ್ಮದ ವಿಚಾರಣೆ ಉಳಿಯಿತು. ಇಂಥ ಪುಟ್ಟ ಗುಂಪಿಗೂ ಕಾಯಿಲೆ ಬರುತ್ತದೆ. ಮೂರು ತಿಂಗಳಲ್ಲಿ ಅದು ಇನ್‌ಚಾರ್ಜ್ ಸಿಸ್ಟರನ್ನು ಬೈಯುವ ಕೂಟ ಆಗಬಹುದು. ಅದಕ್ಕೇ ಮೊದಲ ಹತ್ತು ನಿಮಿಷ ಬೈಬಲಿಗೆ, ಕೊನೆಯ ಐದು ನಿಮಿಷ ಒಬ್ಬರಿಗಾಗಿ ಒಬ್ಬರ ಪ್ರಾರ್ಥನೆಗೆ ಮೀಸಲಿಡಿ. ನಡುವೆ ಬೈಯುವುದಿದ್ದರೆ ಬೈದುಕೊಳ್ಳಿ.

ಒಬ್ಬರೇ ಇದ್ದಾಗಿನ ಓದಿಗೆ ಮಾರ್ಕನ ಸುವಾರ್ತೆ ಹಿಡಿಯಿರಿ. 16 ಅಧ್ಯಾಯ. ಅಧ್ಯಾಯ ಮುಗಿಸುವ ಹಟ ಬೇಡ. ಒಂದು ಘಟನೆ ಓದಿ ನಿಲ್ಲಿಸಿ. ಬಸ್ಸಿನಲ್ಲಿ ಕೇಳಲು ಕನ್ನಡ ಆಡಿಯೋ ಬೈಬಲ್ ಸಿಗುತ್ತದೆ. ಎಂಟನೇ ಅಧ್ಯಾಯಕ್ಕೆ ಬಂದಾಗ ಬೇತ್ಸಾಯಿದದ ಕುರುಡನ ಹತ್ತಿರ ಸ್ವಲ್ಪ ಹೊತ್ತು ಇರಿ. ಯೇಸು ಒಮ್ಮೆ ಕೈಯಿಟ್ಟಾಗ ಅವನಿಗೆ ಜನರು ನಡೆದಾಡುವ ಮರಗಳ ಹಾಗೆ ಕಂಡರು. ಎರಡನೇ ಸಲ ಕೈಯಿಟ್ಟ ಮೇಲೆ ಸ್ಪಷ್ಟವಾಯಿತು. ಯೇಸು ಮುಟ್ಟಿದ ಮೇಲೂ ಮಂಜು ಇದ್ದವನು ಅವನು.

ಡ್ಯೂಟಿ ಮುಗಿಯುವಾಗ ನೀವು ಹ್ಯಾಂಡ್‌ಓವರ್ ಕೊಡುತ್ತೀರಲ್ಲ, ಪ್ರಾರ್ಥನೆಗೂ ಅದೇ ಕ್ರಮ ಸಾಕು. 16ನೇ ಶತಮಾನದಲ್ಲಿ ಜೆಸ್ವಿಟ್ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲ ದಿನದ ಕೊನೆಗೆ ಹೀಗೆ ದಿನವನ್ನು ತಿರುಗಿ ನೋಡುವ ಪ್ರಾರ್ಥನೆ ಕಲಿಸಿದರು. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ: ಈ ಪಾಳಿಯಲ್ಲಿ ಏನಾಯಿತು, ಎಲ್ಲಿ ಒಳ್ಳೆಯದು ಕಂಡಿತು, ಎಲ್ಲಿ ಎಡವಿದೆ, ಏನು ಬಾಕಿ ಇದೆ. ಬಾಕಿಯನ್ನು ಆತನ ಕೈಗೆ ಕೊಟ್ಟು ಮನೆಗೆ ಹೋಗಿ. ಐದು ನಿಮಿಷ. ಬೆಡ್ ನಂಬರ್ ಸಮೇತ ಹೇಳಬಹುದು, ಆತನಿಗೆ ಬೇಜಾರಿಲ್ಲ. ಮೂರು ತಿಂಗಳು ಇಷ್ಟೇ ಮಾಡಿ, ಜಾಸ್ತಿ ಬೇಡ. ಕಣ್ಣೀರು ಬಂತೋ ಇಲ್ಲವೋ ಅಂತ ನೋಡುತ್ತಾ ಕೂರಬೇಡಿ.

ಈಗ ಆ ರೋಗಿಯ ಮಗನ ಮಾತು. ಗಲಾತ್ಯ 5ರಲ್ಲಿ ಪೌಲ ಆತ್ಮದ ಫಲ ಅಂತ ಒಂಬತ್ತು ಗುಣ ಬರೆಯುತ್ತಾನೆ. ಅದರಲ್ಲಿ ಸಂತೋಷ ಒಂದು. ಉಳಿದವುಗಳನ್ನು ನೋಡಿ: ಪ್ರೀತಿ, ತಾಳ್ಮೆ, ದಯೆ, ಸಾಧುತ್ವ, ಹೀಗೆ. ಬಹುಪಾಲು ನಾಲ್ಕು ಜನರ ನಡುವೆ, ಅದರಲ್ಲೂ ತಲೆ ಕೆಟ್ಟಾಗ, ಹೊರಗೆ ಕಾಣುವಂಥವು. ನಿದ್ದೆ ಇಲ್ಲದೆ ಕೂಗಾಡಿದ್ದು ತಪ್ಪು. ಆದರೆ ಯಾರೂ ದೂರು ಕೊಡದೆ, ಯಾರೂ ಹೇಳದೆ, ತಾಸು ಬಿಟ್ಟು ಆ ಹುಡುಗನ ಮುಂದೆ ನಿಂತು ‘ತಪ್ಪಾಯಿತು’ ಅಂದಿರಿ. ಯೂನಿಫಾರ್ಮ್ ಹಾಕಿಕೊಂಡು ಪೇಷೆಂಟ್ ಕಡೆಯವರ ಹತ್ತಿರ ಹಾಗನ್ನುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ಕ್ಯಾಂಪಿನಿಂದ ಬಂದ ವರ್ಷ, ಪ್ರಾರ್ಥನೆಯಲ್ಲಿ ಕಣ್ಣೀರು ಬರುತ್ತಿದ್ದ ಕಾಲದಲ್ಲಿ, ಇದು ನಿಮ್ಮಿಂದ ಆಗುತ್ತಿತ್ತೇ? ನೀವೇ ಯೋಚಿಸಿ. ನನಗೆ ಆ ಎರಡು ಸಾಲಿನಲ್ಲಿ ಹಿಂಜಾರಿದವಳು ಕಾಣಲಿಲ್ಲ.

ಟಿಕ್ ಮಾತ್ರ ನಾಳೆಯಿಂದಲೇ ನಿಲ್ಲಿಸಿ. ಗುಂಪಿನಲ್ಲಿ ದೊಡ್ಡ ಪಾಪ ನಿವೇದನೆ ಏನೂ ಬೇಕಿಲ್ಲ. ‘ನೈಟ್ ಡ್ಯೂಟಿ ಇದೆ, ಇವತ್ತು ಓದಿಲ್ಲ’ ಅಂತ ಒಂದು ಸಾಲು ಬರೆಯಿರಿ. ಇನ್ನೂ ಇಬ್ಬರು ಮೂವರು ಅದನ್ನೇ ಬರೆಯಲು ಕಾಯುತ್ತಿರಬಹುದು.

ಅಮ್ಮನಿಗೆ ಹೇಳಿ. ಫೋನಿನಲ್ಲಿ ಬೇಡ, ರಜೆಗೆ ಊರಿಗೆ ಹೋದಾಗ, ರೊಟ್ಟಿ ಬಡಿಯುವ ಹೊತ್ತಿಗೆ ಪಕ್ಕದಲ್ಲಿ ಕೂತು ಹೇಳಿ. ಆಮೇಲೆ ಅವರ ಹಳೆಯ ಸತ್ಯವೇದ ತೆಗೆದುಕೊಂಡು ಕೀರ್ತನೆಗಳ ಪುಟ ತಿರುವಿ. ನಾನು ನೋಡಿದ ಅಮ್ಮಂದಿರ ಬೈಬಲುಗಳಲ್ಲಿ ಪೆನ್ಸಿಲ್ ಗೆರೆಯ ಪಕ್ಕ ಒಂದೊಂದು ಕಡೆ ತಾರೀಕು ಇರುತ್ತದೆ, ಬೇರೇನೂ ಬರೆದಿರುವುದಿಲ್ಲ. ಅಂಥದ್ದು ಕಂಡರೆ ಬೆರಳಿಟ್ಟು ಕೇಳಿ: ‘ಅವ್ವಾ, ಅವತ್ತು ಏನಾಗಿತ್ತು?’